ಅಕ್ಕನ ಅಪ್ಪೆಮಿಡಿ ಅಂಗಡಿಗೆ ಬೀಗ ಹಾಕಿದ್ದು ಯಾರು?

ಬೆಳಿಗ್ಗೆ ಆರೂವರೆಗೆ ಅಕ್ಕನ ಫೋನ್ ಬಂತು ಅಂದ್ರೆ ಏನೋ ಆಗಿದೆ ಅಂತಲೇ ಅರ್ಥ. ಅದು 2024ರ ಏಪ್ರಿಲ್. ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ನಾನಿನ್ನೂ ಹಾಸಿಗೆ ಬಿಟ್ಟಿರಲಿಲ್ಲ.

"ತಮ್ಮಾ, ನನ್ನ ಅಂಗಡೀನೇ ಇಲ್ಲ ಕಣೋ" ಅಂದಳು.

ಅಕ್ಕ ಇರೋದು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ. ಅವಳ ಅಂಗಡಿಗೆ ಬಾಗಿಲು, ಬೋರ್ಡು ಏನೂ ಇಲ್ಲ. ಫೋಟೊ ಹಂಚುವ ಒಂದು ಆ್ಯಪ್‌ನಲ್ಲಿ ಅವಳದೊಂದು ಖಾತೆ, 4,200 ಫಾಲೋವರ್ಸ್, ಅಷ್ಟೇ. ಐದು ವರ್ಷದಿಂದ ಅದರಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾರುತ್ತಿದ್ದಳು. ಬೇಸಿಗೆ ಶುರುವಾದಾಗ ಮಿಡಿ ಎಣಿಸಿ ಕೊಂಡು, ತೊಟ್ಟು ಮುರಿಯದ ಹಾಗೆ ತೊಳೆದು, ಉಪ್ಪಿಗೆ ಹಾಕಿ, ಅದು ಮುರುಟಿದ ಮೇಲೆ ಖಾರ ಬೆರೆಸಿ ಡಬ್ಬಿ ಕಟ್ಟುವುದು. ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲಿರುವ ನಮ್ಮ ಕಡೆಯವರು ಮುಂಗಡ ಕೊಟ್ಟು ಕಾಯುತ್ತಿದ್ದರು.

ಆ ದಿನ ಆ್ಯಪ್ ತೆರೆದರೆ ಬಂದದ್ದು ಒಂದೇ ಪರದೆ. ನಿಮ್ಮ ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ. ಕಾರಣ: ನಿರ್ಬಂಧಿತ ವಸ್ತುಗಳ ಮಾರಾಟ.

"ನಿರ್ಬಂಧಿತ ಅಂದ್ರೆ ಏನೋ? ಉಪ್ಪಿನಕಾಯಿಗೆ ಯಾವಾಗ ನಿರ್ಬಂಧ ಬಂತು?" ಅಂತ ಕೇಳಿದಳು. ಆಮೇಲೆ, ಇಂಜಿನಿಯರ್ ತಮ್ಮ ಇರುವ ಎಲ್ಲ ಅಕ್ಕಂದಿರೂ ಹೇಳುವ ಮಾತು: "ನೀನು ಅದೇ ಕೆಲಸ ಮಾಡೋದಲ್ವಾ, ಸರಿ ಮಾಡು."

ಪರದೆಯ ಕೆಳಗೆ 'ಮರುಪರಿಶೀಲನೆ ಕೋರಿ' ಅನ್ನೋ ಬಟನ್ ಇತ್ತು. ಒತ್ತಿದೆವು, ಎರಡು ಸಾಲು ಬರೆದೆವು. ಆರೇ ನಿಮಿಷಕ್ಕೆ ಉತ್ತರ ಬಂತು: ಪರಿಶೀಲಿಸಿದ್ದೇವೆ, ನಮ್ಮ ನಿರ್ಧಾರ ಅಂತಿಮ. ಐದು ವರ್ಷದ ಫೋಟೊ, ಸಂದೇಶ, ವಿಳಾಸಗಳನ್ನೆಲ್ಲ ಒಬ್ಬ ಮನುಷ್ಯ ಆರು ನಿಮಿಷದಲ್ಲಿ ನೋಡಿ ಮುಗಿಸಿದ ಅಂತ ನಾನಂತೂ ನಂಬಲಿಲ್ಲ.

ಮಿಡಿ ಅಂತ ಯಂತ್ರಕ್ಕೆ ಗೊತ್ತಿಲ್ಲ

ನಿಜವಾದ ಕಾರಣವನ್ನು ಕಂಪನಿ ಯಾವತ್ತೂ ಹೇಳಲಿಲ್ಲ. ನನ್ನದು ಒಂದು ಊಹೆ. ಅದರ ಹಿಂದಿನ ವಾರ ಅಕ್ಕ ಹಾಕಿದ್ದ ಫೋಟೊ ನೆನಪು ಮಾಡಿಕೊಂಡೆ. ಉಪ್ಪಿನಲ್ಲಿ ಮುರುಟಿ ಕಂದು ಹಸಿರಾದ ಸಣ್ಣ ಮಿಡಿಗಳು. ಒಳಗಿನದು ಕಾಣುವ ಪ್ಲಾಸ್ಟಿಕ್ ಕವರು. ಕವರು ಕೂತಿದ್ದು ಡಿಜಿಟಲ್ ತಕ್ಕಡಿಯ ಮೇಲೆ. ಕೆಳಗೆ ಅವಳ ಬರಹ: 'ಮಾಲು ಬಂದಿದೆ, ಬೇಕಾದವರು ಇನ್‌ಬಾಕ್ಸ್‌ಗೆ ಬನ್ನಿ.'

ನಮಗೆ ನಿಮಗೆ ಅದು ಉಪ್ಪಿನಕಾಯಿ. ಮಾದಕ ವಸ್ತು ಮಾರುವವರ ಸಾವಿರಾರು ಫೋಟೊ ತೋರಿಸಿ ಕಲಿಸಿದ ಯಂತ್ರಕ್ಕೆ? ಹಸಿರು ಒಣ ಪದಾರ್ಥ, ಪಾರದರ್ಶಕ ಕವರು, ತಕ್ಕಡಿ, ಖಾಸಗಿ ಸಂದೇಶಕ್ಕೆ ಕರೆ. ಎಲ್ಲ ಲೆಕ್ಕವೂ ಕೂಡಿ ಬರುತ್ತೆ.

ಇಂಥ ಪತ್ತೆ ಕೆಲಸ ಮುಖ್ಯವಾಗಿ ಎರಡು ರೀತಿಯಲ್ಲಿ ನಡೆಯುತ್ತದೆ. ಮೊದಲನೆಯದು ಹೋಲಿಕೆ. ಈಗಾಗಲೇ ಅಕ್ರಮ ಅಂತ ಗುರುತಾಗಿರುವ ಚಿತ್ರಕ್ಕೆ ಒಂದು ಡಿಜಿಟಲ್ ಬೆರಳಚ್ಚು ಮಾಡಿಟ್ಟುಕೊಂಡು, ಹೊಸದಾಗಿ ಬರುವ ಪ್ರತಿ ಚಿತ್ರವನ್ನೂ ಅದರ ಜೊತೆ ತಾಳೆ ನೋಡುವುದು. 2009ರಲ್ಲಿ ಮೈಕ್ರೋಸಾಫ್ಟ್ ರೂಪಿಸಿದ ಫೋಟೊಡಿಎನ್‌ಎ ಈ ಜಾತಿಯದು. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳು ಕೈಯಿಂದ ಕೈಗೆ ಹರಡದಂತೆ ತಡೆಯಲು ಅದನ್ನು ಬಳಸುತ್ತಾರೆ. ಗುರುತಾದ ಚಿತ್ರಕ್ಕೆ ಮಾತ್ರ ತಾಳೆಯಾಗುವುದರಿಂದ ಇದರಲ್ಲಿ ತಪ್ಪು ಕಡಿಮೆ.

ಎರಡನೆಯದು ಊಹೆ. ಯಾರೂ ಹಿಂದೆ ನೋಡದ ಹೊಸ ಚಿತ್ರವೋ ಬರಹವೋ ಬಂದಾಗ, ಇದು ಕೆಟ್ಟದ್ದಾಗಿರುವ ಸಾಧ್ಯತೆ ಎಷ್ಟು ಅಂತ ಕಲಿತ ಮಾದರಿಯೊಂದು ಅಂಕ ಕೊಡುತ್ತದೆ. ಅಂಕ ಒಂದು ಗೆರೆ ದಾಟಿದರೆ ಬೀಗ. ಆ ಗೆರೆಯನ್ನು ಎಲ್ಲಿ ಎಳೆಯಬೇಕು ಅಂತ ತೀರ್ಮಾನಿಸುವುದು ನನ್ನಂಥವರು.

ಶೇ 99.9ರ ಲೆಕ್ಕ

'ನಮ್ಮ ವ್ಯವಸ್ಥೆಯಲ್ಲಿ ಸುಳ್ಳು ಎಚ್ಚರಿಕೆ ಬರೀ ಶೇ 0.1' ಅಂತ ಯಾರಾದರೂ ಹೇಳಿದರೆ ಕೇಳಲು ಚೆನ್ನಾಗಿಯೇ ಇರುತ್ತದೆ. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ದಿನಕ್ಕೆ 1 ಕೋಟಿ ಪೋಸ್ಟ್ ಬರುವ ಜಾಲತಾಣ. ಅದರಲ್ಲಿ 10,000ಕ್ಕೆ ಒಂದು ನಿಜಕ್ಕೂ ಕೆಟ್ಟದ್ದು, ಅಂದರೆ ಒಟ್ಟು 1,000. ಯಂತ್ರ ಅದರಲ್ಲಿ 990 ಹಿಡಿಯುತ್ತದೆ. ಭೇಷ್.

ಉಳಿದ 99,99,000 ಒಳ್ಳೆಯ ಪೋಸ್ಟ್‌ಗಳಲ್ಲಿ ಶೇ 0.1ರಷ್ಟನ್ನು ತಪ್ಪಾಗಿ ಹಿಡಿಯುತ್ತದೆ. ಎಷ್ಟಾಯ್ತು? ಸುಮಾರು 10,000. ಸಿಕ್ಕಿಬಿದ್ದ 11,000 ಜನರಲ್ಲಿ 10,000 ಮಂದಿ ನಿರಪರಾಧಿಗಳು! ಹನ್ನೊಂದರಲ್ಲಿ ಹತ್ತು ಜನ. ಯಂತ್ರದಲ್ಲಿ ದೋಷವೇನೂ ಇಲ್ಲ. ಕೆಟ್ಟದ್ದು ಅಪರೂಪವಾಗಿದ್ದು, ನೋಡಬೇಕಾದ್ದು ಕೋಟಿಗಟ್ಟಲೆ ಇದ್ದಾಗ ಗಣಿತ ಹೀಗೇ ಆಗುತ್ತದೆ.

ನಿಜ ಪ್ರಪಂಚದ ಗಾತ್ರ ಬೇಕೆಂದರೆ, 2023ರ ಸೆಪ್ಟೆಂಬರ್ ಒಂದೇ ತಿಂಗಳಲ್ಲಿ ವಾಟ್ಸ್ಆ್ಯಪ್ ಭಾರತದಲ್ಲಿ 71 ಲಕ್ಷಕ್ಕೂ ಹೆಚ್ಚು ಖಾತೆಗಳನ್ನು ನಿಷೇಧಿಸಿತ್ತು. ಅದರಲ್ಲಿ 25 ಲಕ್ಷಕ್ಕೂ ಹೆಚ್ಚು, ಯಾರೂ ದೂರು ಕೊಡುವ ಮೊದಲೇ. ಸ್ಪ್ಯಾಮ್ ಮತ್ತು ಮೋಸದ ಕಾಟ ನಮಗೆಲ್ಲ ಗೊತ್ತು, ಈ ಕೆಲಸ ಬೇಕು. ಆದರೆ ಇಷ್ಟು ದೊಡ್ಡ ಬಲೆಯಲ್ಲಿ ಒಂದು ಸಣ್ಣ ಶೇಕಡಾವಾರು ತಪ್ಪು ನಡೆದರೂ ಅದು ಒಂದು ಊರಿನಷ್ಟು ಜನ.

ನಾನು ಮಾಡಿದ ತಪ್ಪು

ಈಗ ನನ್ನ ವಿಷಯ. ನಾನು ಕೆಲಸ ಮಾಡುವುದು ಆನ್‌ಲೈನ್ ವ್ಯವಹಾರದಲ್ಲಿ ಮೋಸ ಪತ್ತೆ ಮಾಡುವ ತಂಡದಲ್ಲಿ. ಅಕ್ಕನ ಖಾತೆ ಮುಚ್ಚಿದ ಕಂಪನಿ ಬೇರೆ, ನಮ್ಮದು ಬೇರೆ. ಮಾಡುವ ಕೆಲಸ ಮಾತ್ರ ಅಣ್ಣತಮ್ಮಂದಿರದ್ದು. ಅನುಮಾನ ಬಂದ ಗ್ರಾಹಕರ ಖಾತೆಯನ್ನು ನಮ್ಮ ಮಾದರಿಯೂ ತಡೆಹಿಡಿಯುತ್ತದೆ.

ಮೂರು ತಿಂಗಳಿಗೊಮ್ಮೆ ನಾವು ಮಾದರಿಯ ನಿಖರತೆ ಲೆಕ್ಕ ಹಾಕುತ್ತಿದ್ದೆವು. ಆ ಲೆಕ್ಕದ ಕೋಡ್ ಬರೆದವನು ನಾನೇ. ತಡೆಹಿಡಿದವರಲ್ಲಿ ಯಾರು ಮೇಲ್ಮನವಿ ಹಾಕಿ ಗೆದ್ದರೋ ಅವರು ನಮ್ಮ ತಪ್ಪು. ಮೇಲ್ಮನವಿ ಹಾಕದೆ ಸುಮ್ಮನಾದವರು? ಅವರನ್ನು 'ಸರಿಯಾದ ನಿರ್ಧಾರ' ಅನ್ನುವ ಕಾಲಮ್ಮಿಗೆ ಹಾಕಿದ್ದೆ. ತಪ್ಪಿಲ್ಲದಿದ್ದರೆ ಕೇಳೋಕೆ ಬರುತ್ತಿದ್ದರಲ್ಲ ಅನ್ನುವುದು ನನ್ನ ತರ್ಕ. ಯಾರೂ ಪ್ರಶ್ನೆ ಮಾಡಲಿಲ್ಲ. ಸ್ಲೈಡ್‌ನಲ್ಲಿ ಸಂಖ್ಯೆ ಚೆನ್ನಾಗಿ ಕಾಣುತ್ತಿತ್ತು.

ಆ ಏಪ್ರಿಲ್‌ನಲ್ಲಿ ನೋಡಿದೆ. ಅಕ್ಕನಿಗೆ ಆರು ನಿಮಿಷಕ್ಕೆ ತಿರಸ್ಕಾರ ಬಂತು. ಅವಳಿಗೆ ತಮ್ಮನೊಬ್ಬ ಇದ್ದ, ಇಂಗ್ಲಿಷಿನಲ್ಲಿ ಮೇಲ್ ಬರೆಯಬಲ್ಲವನು. ಇಲ್ಲದಿದ್ದರೆ ಅವಳು ಅಲ್ಲಿಗೇ ಕೈಬಿಡುತ್ತಿದ್ದಳು. ಆಗ ಆ ಕಂಪನಿಯ ಯಾವುದೋ ಲೆಕ್ಕದಲ್ಲಿ ನಮ್ಮಕ್ಕ 'ಸರಿಯಾದ ನಿರ್ಧಾರ' ಆಗಿರುತ್ತಿದ್ದಳು. ಹಾಗೆ ನನ್ನ ಲೆಕ್ಕದಲ್ಲಿ ಎಷ್ಟು ಜನರ ಅಕ್ಕಂದಿರು ಇದ್ದಾರೋ!

ಹೊರಗೆ ಹಾಕಿದವರ ದನಿ ಒಳಗಿನವರಿಗೆ ಕೇಳಿಸುವುದಿಲ್ಲ. ದೂರು ಕೊಡುವ ಜಾಗವೂ ಆ್ಯಪ್ ಒಳಗೇ ಇರುತ್ತದೆ, ಸಾಕ್ಷಿಯೂ ಅಲ್ಲೇ ಇರುತ್ತದೆ, ಎರಡಕ್ಕೂ ಒಂದೇ ಬೀಗ. ಕೊನೆಗೆ ಅವರ ಮೌನವನ್ನೇ ತಪ್ಪೊಪ್ಪಿಗೆ ಅಂತ ಬರೆದುಕೊಳ್ಳುತ್ತೇವೆ. ಯಂತ್ರ ತಪ್ಪು ಮಾಡುವುದಕ್ಕಿಂತ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಇದು.

ಪೊಲೀಸರೇ ಬಿಟ್ಟರೂ ಖಾತೆ ಬರಲಿಲ್ಲ

ಉಪ್ಪಿನಕಾಯಿಗಿಂತ ಎಷ್ಟೋ ಪಾಲು ಗಂಭೀರವಾದ ಪ್ರಕರಣಗಳೂ ಇದೇ ಜಾಡಿನಲ್ಲಿ ನಡೆದಿವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದ ಒಬ್ಬ ತಂದೆಯ ಕಥೆಯನ್ನು ನ್ಯೂಯಾರ್ಕ್ ಟೈಮ್ಸ್ 2022ರ ಆಗಸ್ಟ್‌ನಲ್ಲಿ ಪ್ರಕಟಿಸಿತು. 2021ರ ಫೆಬ್ರುವರಿ, ಕೊರೊನಾ ಕಾಲ. ಪುಟ್ಟ ಮಗನ ಗುಪ್ತಾಂಗದಲ್ಲಿ ಊತ. ವಿಡಿಯೊ ಮೂಲಕ ವೈದ್ಯರ ಭೇಟಿ ಗೊತ್ತಾಯಿತು. ಅದಕ್ಕೆ ಮೊದಲು ಫೋಟೊ ಕಳಿಸಿ ಅಂತ ನರ್ಸ್ ಹೇಳಿದರು. ಫೋಟೊ ತೆಗೆದರು, ವೈದ್ಯರು ನೋಡಿ ಆ್ಯಂಟಿಬಯೋಟಿಕ್ ಕೊಟ್ಟರು, ಮಗು ಗುಣವಾಯಿತು.

ಎರಡು ದಿನದ ನಂತರ ತಂದೆಯ ಗೂಗಲ್ ಖಾತೆ ಬಂದ್. ಫೋಟೊ ತನ್ನಷ್ಟಕ್ಕೆ ಗೂಗಲ್‌ನ ಕ್ಲೌಡ್‌ಗೆ ಹೋಗಿತ್ತು. ಹಿಂದೆ ಯಾರೂ ನೋಡದ ಚಿತ್ರಗಳನ್ನೂ ಗುರುತಿಸಬಲ್ಲ ಊಹೆಯ ಜಾತಿಯ ಉಪಕರಣವನ್ನು ಗೂಗಲ್ 2018ರಲ್ಲೇ ತಂದಿತ್ತು. ಮಕ್ಕಳ ಲೈಂಗಿಕ ದೌರ್ಜನ್ಯದ ಚಿತ್ರ ಎಂಬ ಅನುಮಾನ ಬಿತ್ತು. ಇಮೇಲ್ ಹೋಯಿತು, ವರ್ಷಗಳ ಕುಟುಂಬದ ಫೋಟೊ ಹೋದವು. ಅವರ ಮೊಬೈಲ್ ಸಂಪರ್ಕವೂ ಗೂಗಲ್‌ನದೇ ಆಗಿದ್ದರಿಂದ ಫೋನ್ ನಂಬರೂ ಹೋಯಿತು.

ವಿಷಯ ಪೊಲೀಸರಿಗೆ ತಲುಪಿತು. ತನಿಖಾಧಿಕಾರಿ ಎಲ್ಲವನ್ನೂ ಪರಿಶೀಲಿಸಿ ಅಪರಾಧ ನಡೆದೇ ಇಲ್ಲ ಅಂತ ಕಡತ ಮುಚ್ಚಿದರು. ಆದರೆ ಅದನ್ನು ತಿಳಿಸಲು ಆ ತಂದೆಯನ್ನು ಸಂಪರ್ಕಿಸೋಣ ಎಂದರೆ ಫೋನ್ ಇಲ್ಲ, ಇಮೇಲ್ ಇಲ್ಲ! ಕೊನೆಗೆ ಅಂಚೆಯಲ್ಲಿ ಪತ್ರ ಬಂತು. ಪೊಲೀಸರು ನಿರ್ದೋಷಿ ಎಂದ ಮೇಲೂ ಗೂಗಲ್ ಖಾತೆ ಕೊಡಲಿಲ್ಲ. ನಮ್ಮ ಸಿಬ್ಬಂದಿಯೂ ನೋಡಿದ್ದಾರೆ, ನಿರ್ಧಾರ ಬದಲಿಲ್ಲ ಎಂದಿತು. ಹೂಸ್ಟನ್‌ನ ಇನ್ನೊಬ್ಬ ತಂದೆಗೂ ಹೀಗೆಯೇ ಆಗಿದ್ದನ್ನು ಅದೇ ವರದಿ ಹೇಳುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಮಕ್ಕಳ ಮೇಲಿನ ದೌರ್ಜನ್ಯ ಪತ್ತೆ ಮಾಡುವ ಕೆಲಸ ನಿಲ್ಲಬಾರದು. 2021ರಲ್ಲಿ ಗೂಗಲ್ ಒಂದೇ ಇಂಥ 6 ಲಕ್ಷಕ್ಕೂ ಹೆಚ್ಚು ವರದಿಗಳನ್ನು ಕೊಟ್ಟಿತು, 2.7 ಲಕ್ಷಕ್ಕೂ ಹೆಚ್ಚು ಖಾತೆಗಳನ್ನು ಮುಚ್ಚಿತು. ಅದರ ಹಿಂದೆ ರಕ್ಷಣೆ ಸಿಕ್ಕ ನಿಜವಾದ ಮಕ್ಕಳಿದ್ದಾರೆ. ನನ್ನ ಪ್ರಶ್ನೆ ಪತ್ತೆಯ ಬಗ್ಗೆ ಅಲ್ಲ. ತಪ್ಪು ಅಂತ ಸಾಬೀತಾದ ಮೇಲೂ ತಿದ್ದಿಕೊಳ್ಳುವ ದಾರಿಯೇ ಇಲ್ಲದಿದ್ದರೆ ಹೇಗೆ?

ನಮ್ಮ ದೇಶಕ್ಕೇ ಬನ್ನಿ. 2024ರ ಮಾರ್ಚ್‌ನಲ್ಲಿ ಗುಜರಾತ್ ಹೈಕೋರ್ಟ್ ಇಂಥದೇ ಒಂದು ಅರ್ಜಿಯ ಮೇಲೆ ಗೂಗಲ್‌ಗೆ ನೋಟಿಸ್ ಕೊಟ್ಟಿತು. ಅರ್ಜಿ ಹಾಕಿದವರು ಒಬ್ಬ ಕಂಪ್ಯೂಟರ್ ಇಂಜಿನಿಯರ್. ತಾವು ಎರಡು ವರ್ಷದ ಮಗುವಾಗಿದ್ದಾಗ ಅಜ್ಜಿ ಸ್ನಾನ ಮಾಡಿಸುತ್ತಿರುವ ಹಳೆಯ ಫೋಟೊವನ್ನು ಅವರು ಗೂಗಲ್ ಡ್ರೈವ್‌ಗೆ ಹಾಕಿದ್ದರು. 2023ರಲ್ಲಿ ಖಾತೆ ಬಂದ್ ಆಯಿತು. ಇಮೇಲ್ ಸಿಗದೆ ವ್ಯವಹಾರಕ್ಕೆ ಪೆಟ್ಟಾಯಿತು. ಎಲ್ಲಿ ಕೇಳಿದರೂ ಪರಿಹಾರ ಸಿಗದೆ ಹೈಕೋರ್ಟ್ ಮೆಟ್ಟಿಲು ಹತ್ತಿದರು ಎನ್ನುತ್ತದೆ ಅರ್ಜಿ.

ಅಜ್ಜಿ ಕಾಲ ಮೇಲೆ ಮಲಗಿಸಿ ಎಣ್ಣೆ ನೀರು ಹಾಕುವ ಫೋಟೊ ನಮ್ಮಲ್ಲಿ ಯಾರ ಮನೆಯ ಆಲ್ಬಮ್‌ನಲ್ಲಿ ಇಲ್ಲ ಹೇಳಿ? ಆ ಆಲ್ಬಮ್‌ಗಳನ್ನೆಲ್ಲ ಈಗ ನಾವೇ ಸ್ಕ್ಯಾನ್ ಮಾಡಿ ಕ್ಲೌಡ್‌ಗೆ ಏರಿಸುತ್ತಿದ್ದೇವೆ.

ಕೇಳಿದವರಿಗೆ ಅರ್ಧ ವಾಪಸ್ ಬಂತು

2020ರಲ್ಲಿ ಕೊರೊನಾದಿಂದ ಸಿಬ್ಬಂದಿ ಕಚೇರಿಗೆ ಬರಲಾಗದಿದ್ದಾಗ ಯೂಟ್ಯೂಬ್ ಹೆಚ್ಚಿನ ತೀರ್ಮಾನಗಳನ್ನು ಯಂತ್ರಕ್ಕೇ ಬಿಟ್ಟಿತು. ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳಲ್ಲಿ ತೆಗೆದುಹಾಕಿದ ವಿಡಿಯೊಗಳು 1.1 ಕೋಟಿಗೂ ಹೆಚ್ಚು. ಅದಕ್ಕೆ ಹಿಂದಿನ ಮೂರು ತಿಂಗಳಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು. ಮೇಲ್ಮನವಿ ಬಂದ ವಿಡಿಯೊಗಳಲ್ಲಿ ಸುಮಾರು ಅರ್ಧದಷ್ಟು, ಅಂದರೆ 1.6 ಲಕ್ಷದಷ್ಟು, ಮರಳಿ ಬಂದವು. ಆಮೇಲೆ ಕಂಪನಿ ಮನುಷ್ಯರನ್ನು ಮತ್ತೆ ಆ ಕೆಲಸಕ್ಕೆ ಕೂರಿಸಿತು.

ಕೇಳಿದವರಲ್ಲಿ ಅರ್ಧ ಜನರದ್ದು ಸರಿಯಾಗಿತ್ತು! ಕೇಳದೇ ಇದ್ದವರಲ್ಲಿ ಎಷ್ಟು ಜನರದ್ದು ಸರಿಯಾಗಿತ್ತೋ ಯಾರೂ ಎಣಿಸಲಿಲ್ಲ.

ಅದೇ ವರ್ಷ ಜೂನ್‌ನಲ್ಲಿ 'ಅಗಡ್ಮೇಟರ್' ಅನ್ನುವ ಪ್ರಸಿದ್ಧ ಚೆಸ್ ಚಾನೆಲ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಹಿಕಾರು ನಕಮುರ ಜೊತೆಗಿನ ಮಾತುಕತೆ ಹಠಾತ್ತನೆ ಮಾಯವಾಯಿತು. ಒಂದು ದಿನದೊಳಗೆ ವಾಪಸ್ ಬಂತು, ಕಾರಣ ಹೇಳಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಕುತೂಹಲದಿಂದ ಚೆಸ್ ಚಾನೆಲ್‌ಗಳ ಕಾಮೆಂಟ್‌ಗಳನ್ನು ದ್ವೇಷದ ಮಾತು ಹುಡುಕುವ ಸಾಫ್ಟ್‌ವೇರ್‌ಗಳಿಗೆ ತಿನ್ನಿಸಿ ನೋಡಿದರು. ಅವು ದ್ವೇಷ ಎಂದು ಹಿಡಿದದ್ದರಲ್ಲಿ ಒಂದಿಷ್ಟನ್ನು ಕೈಯಾರೆ ಪರಿಶೀಲಿಸಿದಾಗ ಶೇ 80ಕ್ಕೂ ಹೆಚ್ಚಿನವು ಬರೀ ಆಟದ ಮಾತು. ಕಪ್ಪು, ಬಿಳಿ, ದಾಳಿ, ಬೆದರಿಕೆ. ಇನ್ನೇನಿರುತ್ತೆ ಚೆಸ್‌ನಲ್ಲಿ?

ಇಂಗ್ಲಿಷಿನ ಗತಿಯೇ ಹೀಗಾದರೆ ಕನ್ನಡದ್ದು ಕೇಳಬೇಕೇ? ನಮ್ಮಲ್ಲಿ ಪ್ರೀತಿಯೂ ಬೈಗುಳದ ವೇಷದಲ್ಲೇ ಬರುತ್ತದೆ. "ಊರಿಗೆ ಬಾ, ಸಾಯಿಸ್ತೀನಿ ನಿನ್ನ" ಅಂತ ಗೆಳತಿ ಬರೆದರೆ ಅದು ಹಬ್ಬದ ಆಹ್ವಾನ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಒಂದೊಂದು ಸ್ಪೆಲ್ಲಿಂಗ್‌ನಲ್ಲಿ ಟೈಪ್ ಮಾಡುತ್ತೇವೆ. ಯಂತ್ರಕ್ಕೆ ಕಲಿಯಲು ಸಿಗುವ ಕನ್ನಡದ ಮಾದರಿಗಳು ಇಂಗ್ಲಿಷಿಗೆ ಹೋಲಿಸಿದರೆ ತೀರಾ ಕಡಿಮೆ. ಕಲಿತದ್ದು ಕಡಿಮೆಯಾದಷ್ಟೂ ತಪ್ಪು ಹೆಚ್ಚು.

ಒಂದು ರೂಪಾಯಿಯ ಸಂದೇಶ

ಅಕ್ಕನಿಗೆ ದುಡ್ಡಿನ ಚಿಂತೆ ಆಮೇಲೆ ಬಂತು. ಉಪ್ಪಿಗೆ ಹಾಕಿದ ಅಪ್ಪೆಮಿಡಿ ಕೆಡುವುದಿಲ್ಲ, ಬರುವ ವರ್ಷಕ್ಕೂ ಇರುತ್ತದೆ. ಅವಳಿಗೆ ನಿದ್ದೆ ಕೆಡಿಸಿದ್ದು ಮುಂಗಡ ಕೊಟ್ಟಿದ್ದ 37 ಜನ. ಅವರ ಹೆಸರು, ವಿಳಾಸ, ಎಷ್ಟು ಕೆ.ಜಿ. ಎಲ್ಲ ಆ ಮುಚ್ಚಿದ ಇನ್‌ಬಾಕ್ಸ್ ಒಳಗೆ. ಅವರ ಕಡೆಯಿಂದ ನೋಡಿದರೆ ದುಡ್ಡು ತಗೊಂಡ ಹೆಂಗಸು ಖಾತೆ ಮುಚ್ಚಿಕೊಂಡು ಓಡಿಹೋಗಿದ್ದಾಳೆ.

ಒಬ್ಬರು ಹಾಗೆಯೇ ಬರೆದೂಬಿಟ್ಟರು, ನಮ್ಮ ಕಡೆಯವರ ಒಂದು ದೊಡ್ಡ ವಾಟ್ಸ್ಆ್ಯಪ್ ಗುಂಪಿನಲ್ಲಿ. ಅದರ ಸ್ಕ್ರೀನ್‌ಶಾಟ್ ಅಕ್ಕನ ಅತ್ತೆಯ ಫೋನಿಗೂ ಬಂತು. "ದುಡ್ಡು ಹೋದ್ರೆ ಹೋಗ್ಲಿ, ಮೋಸಗಾತಿ ಅನ್ನಿಸಿಕೊಂಡು ಹೇಗೋ ಬದುಕೋದು?" ಅಂತ ಅತ್ತಳು. ನನ್ನ ಬಳಿ ಉತ್ತರವಿರಲಿಲ್ಲ.

ಉಪಾಯ ಹೊಳೆದದ್ದು ಅವಳಿಗೇ. ಮುಂಗಡ ಬಂದಿದ್ದು ಯುಪಿಐ ಮೂಲಕ. ಹಾಗಾದರೆ ವಾಪಸ್ ಕಳಿಸಬಹುದಲ್ಲ? 37 ಜನರಿಗೂ ಒಂದೊಂದು ರೂಪಾಯಿ ಕಳಿಸಿದಳು. ಜೊತೆಯ ಟಿಪ್ಪಣಿಯ ಜಾಗದಲ್ಲಿ 'ಅಪ್ಪೆಮಿಡಿ ಆರ್ಡರ್. ಖಾತೆ ಬಂದ್ ಆಗಿದೆ. ಈ ನಂಬರಿಗೆ ಫೋನ್ ಮಾಡಿ' ಅಂತ ತನ್ನ ನಂಬರ್ ಬರೆದಳು. 29 ಜನ ಫೋನ್ ಮಾಡಿದರು. ಇಂಜಿನಿಯರ್ ತಮ್ಮನ ತಲೆಗೆ ಇದು ಹೊಳೆದಿರಲಿಲ್ಲ.

ಕಾನೂನಿನಲ್ಲಿ ಒಂದು ಬಾಗಿಲಿದೆ

ನಾನು ಮಾಡಿದ್ದು ಇಷ್ಟು. ನಮ್ಮ ದೇಶದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳನ್ನು ಕೂತು ಓದಿದೆ. ನಾನು ವಕೀಲನಲ್ಲ. ಆದರೂ ನಮ್ಮಂಥ ಬಳಕೆದಾರರಿಗೆ ಉಪಯೋಗವಾಗುವ ನಾಲ್ಕು ಅಂಶ ಅದರಲ್ಲಿವೆ.

ಒಂದು, ಪ್ರತಿ ಜಾಲತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಸಂಪರ್ಕ ವಿವರ ಪ್ರಕಟಿಸಬೇಕು. ನಾವು ದೂರು ಕೊಟ್ಟಾಗ ಇದ್ದ ನಿಯಮದಂತೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಇತ್ಯರ್ಥ.

ಎರಡು, 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರುವ ದೊಡ್ಡ ಸಾಮಾಜಿಕ ಜಾಲತಾಣಗಳು ತಾವಾಗಿಯೇ ಏನನ್ನಾದರೂ ತೆಗೆಯುವಾಗ ಕಾರಣ ತಿಳಿಸಬೇಕು, ಅದನ್ನು ಪ್ರಶ್ನಿಸಲು ನ್ಯಾಯವಾದ ಅವಕಾಶ ಕೊಡಬೇಕು.

ಮೂರು, ಅಂಥ ಜಾಲತಾಣಗಳ ಸ್ವಯಂಚಾಲಿತ ಉಪಕರಣಗಳ ಮೇಲೆ ಮನುಷ್ಯರ ಮೇಲ್ವಿಚಾರಣೆ ಇರಬೇಕು.

ನಾಲ್ಕು, ಅಧಿಕಾರಿಯ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2022ರ ತಿದ್ದುಪಡಿಯಿಂದ ಬಂದ ವ್ಯವಸ್ಥೆ ಇದು. 2023ರ ಜನವರಿಯಲ್ಲಿ ಇಂಥ ಮೂರು ಸಮಿತಿಗಳು ರಚನೆಯಾದವು. ಎಲ್ಲವೂ ಆನ್‌ಲೈನ್, ಜಾಲತಾಣ: ಜಿಎಸಿ ಡಾಟ್ ಗವ್ ಡಾಟ್ ಇನ್.

ಯುರೋಪ್ ಇನ್ನೂ ಒಂದು ಹೆಜ್ಜೆ ಮುಂದಿದೆ. ಅಲ್ಲಿ 2024ರ ಫೆಬ್ರುವರಿಯಿಂದ ಪೂರ್ತಿ ಜಾರಿಯಾದ ಡಿಜಿಟಲ್ ಸೇವೆಗಳ ಕಾಯ್ದೆಯ ಪ್ರಕಾರ ಬಳಕೆದಾರರ ಮೇಲ್ಮನವಿಯನ್ನು ಯಂತ್ರವೊಂದೇ ತೀರ್ಮಾನಿಸುವಂತಿಲ್ಲ. ಆರು ನಿಮಿಷದ ಉತ್ತರಗಳಿಗೆ ಅಲ್ಲಿ ಲೆಕ್ಕ ಕೊಡಬೇಕಾಗುತ್ತದೆ.

ನಾವು ಮೂರನೇ ದಿನ ಕುಂದುಕೊರತೆ ಅಧಿಕಾರಿಗೆ ಬರೆದೆವು. ಸ್ವೀಕೃತಿ ಮಾರನೇ ದಿನವೇ ಬಂತು. ಹದಿನಾರನೇ ದಿನ ಉತ್ತರ: ನಿರ್ಧಾರ ಸರಿಯಾಗಿದೆ. ಹದಿನೆಂಟನೇ ದಿನ ಸಮಿತಿಗೆ ಮೇಲ್ಮನವಿ ಹಾಕಿದೆವು. ಮಿಡಿ ಕೊಂಡ ರಸೀದಿ, ಆಹಾರ ಸುರಕ್ಷತೆ ನೋಂದಣಿ ಪತ್ರ, ಹಳೆಯ ಗ್ರಾಹಕರ ಎರಡು ಪತ್ರ ಎಲ್ಲ ಲಗತ್ತಿಸಿದ್ದೆವು.

ನಲವತ್ತೊಂದನೇ ದಿನ, ಸಮಿತಿಯ ತೀರ್ಪು ಬರುವ ಮೊದಲೇ, ಆ್ಯಪ್ ತೆರೆದುಕೊಂಡಿತು. ಒಂದು ಸಾಲಿನ ಮೇಲ್: ನಿಮ್ಮ ಖಾತೆಯನ್ನು ಮರುಸ್ಥಾಪಿಸಲಾಗಿದೆ. ಕ್ಷಮೆ ಇಲ್ಲ, ಕಾರಣವೂ ಇಲ್ಲ.

ಇವತ್ತೇ ಮಾಡಬೇಕಾದ್ದು

ಆಫೀಸಿಗೆ ಹೋಗುವಾಗ ಮೆಟ್ರೊದಲ್ಲಿ ಇದನ್ನು ಓದುತ್ತಿದ್ದರೆ, ಇಳಿಯುವುದರೊಳಗೆ ಇವುಗಳಲ್ಲಿ ಒಂದಾದರೂ ಶುರು ಮಾಡಿ.

• ನಿಮ್ಮ ಮುಖ್ಯ ಇಮೇಲ್ ನಾಳೆ ಬೆಳಿಗ್ಗೆ ಇಲ್ಲವಾದರೆ ಏನೇನು ನಿಲ್ಲುತ್ತದೆ ಅಂತ ಒಂದು ಕಾಗದದಲ್ಲಿ ಬರೆಯಿರಿ. ಬ್ಯಾಂಕ್, ಪಿಎಫ್, ವಿಮೆ, ಆಫೀಸು. ಬ್ಯಾಂಕಿಗೆ ಕೊಟ್ಟಿರುವ ಇಮೇಲ್, ಫೋಟೊ ಮತ್ತು ಇತರ ಆ್ಯಪ್‌ಗಳಿಗೆ ಬಳಸುವ ಇಮೇಲ್ ಬೇರೆ ಬೇರೆ ಇರಲಿ.

• 'ಈ ಖಾತೆ ಬಳಸಿ ಲಾಗಿನ್ ಆಗಿ' ಅನ್ನುವ ಬಟನ್ ಅನುಕೂಲ, ನಿಜ. ಆದರೆ ಆ ಒಂದು ಖಾತೆ ಹೋದರೆ ಅದರಿಂದ ತೆರೆಯುವ ಎಲ್ಲವೂ ಹೋಗಬಹುದು. ಮುಖ್ಯವಾದ ಕಡೆ ಪ್ರತ್ಯೇಕ ಪಾಸ್‌ವರ್ಡ್ ಇಡಿ.

• ವರ್ಷಕ್ಕೆ ಎರಡು ಸಲ ನಿಮ್ಮ ದತ್ತಾಂಶವನ್ನು ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಅದಕ್ಕೆ ಟೇಕ್‌ಔಟ್ ಇದೆ, ಬೇರೆ ದೊಡ್ಡ ಜಾಲತಾಣಗಳಲ್ಲೂ ಇಂಥ ಸೌಲಭ್ಯವಿದೆ. ಒಂದು ಹಾರ್ಡ್ ಡಿಸ್ಕ್ ಮನೆಯಲ್ಲಿರಲಿ.

• ವೈದ್ಯರಿಗೆ ಕಳಿಸಲು ತೆಗೆದ ಮಕ್ಕಳ ಫೋಟೊ, ಹಳೆಯ ಸ್ನಾನದ ಫೋಟೊಗಳು ತಾನಾಗಿಯೇ ಕ್ಲೌಡ್‌ಗೆ ಹೋಗದಂತೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಆಫ್ ಮಾಡಿ.

• ಆ್ಯಪ್‌ನಲ್ಲಿ ವ್ಯಾಪಾರ ಮಾಡುವವರು ಗ್ರಾಹಕರ ಹೆಸರು, ಫೋನ್ ನಂಬರನ್ನು ಆ್ಯಪ್ ಹೊರಗೂ ಬರೆದಿಡಿ.

• ಬೀಗ ಬಿದ್ದೇಬಿಟ್ಟರೆ ಮೊದಲು ಸ್ಕ್ರೀನ್‌ಶಾಟ್, ದಿನಾಂಕ, ಸಮಯ. ಅವಸರದಲ್ಲಿ ಹೊಸ ಖಾತೆ ತೆರೆಯಬೇಡಿ, ನಿಯಮ ತಪ್ಪಿಸುತ್ತಿದ್ದಾರೆ ಅಂತ ಅದೂ ಮುಚ್ಚಬಹುದು. ದುಡ್ಡು ಕೊಟ್ಟರೆ ಖಾತೆ ತೆರೆಸಿಕೊಡುತ್ತೇವೆ ಅನ್ನುವವರನ್ನು ಹತ್ತಿರ ಸೇರಿಸಬೇಡಿ. ಮೇಲ್ಮನವಿ ತಿರಸ್ಕಾರವಾದರೆ ಅಲ್ಲಿಗೇ ನಿಲ್ಲಬೇಡಿ, ಕುಂದುಕೊರತೆ ಅಧಿಕಾರಿಗೆ ಬರೆಯಿರಿ, ಆಮೇಲೆ ಸಮಿತಿ.

ಕೊನೆಯದನ್ನು ಒತ್ತಿ ಹೇಳುತ್ತೇನೆ, ಯಾಕಂದ್ರೆ ನೀವು ಸುಮ್ಮನಾದರೆ ನನ್ನಂಥ ಯಾರೋ ಒಬ್ಬ ಅದನ್ನು 'ಸರಿಯಾದ ನಿರ್ಧಾರ' ಅಂತ ಎಣಿಸುತ್ತಾನೆ.

ಆ ಲೆಕ್ಕದ ಕೋಡನ್ನು ಅದೇ ಮೇ ತಿಂಗಳಲ್ಲಿ ಬದಲಿಸಿದೆ. ಈಗ ಸುಮ್ಮನಾದವರದು ಪ್ರತ್ಯೇಕ ಕಾಲಮ್, 'ಗೊತ್ತಿಲ್ಲ' ಅಂತ. ಅದರಿಂದ ವಾರಕ್ಕೆ 50 ಪ್ರಕರಣಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಒಬ್ಬ ಮನುಷ್ಯ ಕೂತು ನೋಡುತ್ತಾನೆ. ನಮ್ಮ ನಿಖರತೆಯ ಸಂಖ್ಯೆ ಇಳಿಯಿತು. ಮೀಟಿಂಗ್‌ನಲ್ಲಿ ಯಾಕೆ ಇಳಿಯಿತು ಅಂತ ಕೇಳಿದರು. ಮೊದಲಿದ್ದದ್ದು ಸುಳ್ಳು ಸಂಖ್ಯೆ ಅಂತ ಹೇಳುವುದಕ್ಕೆ ಸ್ವಲ್ಪ ಧೈರ್ಯ ಬೇಕಾಯಿತು.

ಅಕ್ಕ ಖಾತೆ ಬಂದ ದಿನವೇ ಉಳಿದ ಎಂಟು ಜನರಿಗೆ ಸಂದೇಶ ಕಳಿಸಿದಳು. ಏಳು ಜನ ಡಬ್ಬಿ ತರಿಸಿಕೊಂಡರು. ಒಬ್ಬರು ಮಾತ್ರ, ಬೇಡ, ದುಡ್ಡೇ ವಾಪಸ್ ಕಳಿಸಿ ಅಂದರು. ಕಳಿಸಿದಳು. ಈಗ ಅವಳ ಅಡುಗೆಮನೆಯ ಕಪಾಟಿನಲ್ಲಿ ಉದ್ದದ ಒಂದು ನೋಟ್‌ಬುಕ್ ಇದೆ. ಹೆಸರು, ಊರು, ಫೋನ್ ನಂಬರ್, ಎಷ್ಟು ಕೆ.ಜಿ., ಖಾರ ಹೆಚ್ಚೋ ಕಡಿಮೆಯೋ. ಹೋದ ಸಲ ಊರಿಗೆ ಹೋದಾಗ, ಇದನ್ನು ಎಕ್ಸೆಲ್‌ಗೆ ಹಾಕಿಕೊಡಲಾ ಅಂತ ಕೇಳಿದೆ.

"ಬೇಡ ಮಾರಾಯ, ಅದನ್ನೂ ಯಾರಾದರೂ ಮುಚ್ಚಿಬಿಟ್ಟರೆ?" ಅಂದಳು.